ಬರೆದು ಹಗುರಾದವರು

ನಿವೃತ್ತರಾದ ಸಹೋದ್ಯೋಗಿಯೊಬ್ಬರಿಗಾಗಿ ಅಭಿಮಾನಿಗಳು ಅಭಿನಂದನ ಸಂಚಿಕೆ ತರುತ್ತಿದ್ದಾರೆ. ಅದಕ್ಕೆ ಲೇಖನ ಕೂಡಿಸುವ ಕೆಲಸ ಕೂಡ್ಲಿಗಿಯ ನಮ್ಮ ಕಚೇರಿಗೆ ಹೊಸದಾಗಿ ಬಂದ ಗುಮಾಸ್ತೆಯ ತಲೆಗೆ ಬಿದ್ದಿದೆ. ಒಳ್ಳೆಯ ಹುಡುಗಿ. ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾಳೆ.

"ಸರ್, ನೀವು ಒಂದು ಪುಟ ಬರೀಲೇಬೇಕ್ರಿ. ಅಷ್ಟು ವರ್ಷ ಅವರ ಮಗ್ಗಲ ಟೇಬಲ್‌ನಾಗ ಕುಂತೋರು ನೀವು."

"ಏನ್ ಬರೀಲವ್ವ?"

"ಅವರ ಮಾನವೀಯತಿ ಬಗ್ಗೆ ಬರೀರಿ ಸರ್. ಎಲ್ಲಾರೂ ಅದನ್ನ ಬರದಾರ."

"ಎಲ್ಲಾರೂ ಬರದಾರಂದ್ರ ಮತ್ತ ನಂದ್ಯಾಕ?"

"ನಿಮ್ದು ಬ್ಯಾರೆ ಇರತೈತಿ ಬಿಡ್ರಿ ಸರ್" ಎಂದು ನಕ್ಕಳು.

ಬೇರೆಯೇ ಇದೆ ತಾಯಿ, ತಗೋ. ಅಚ್ಚು ಹಾಕುತ್ತೀರೋ ಒಲೆಗೆ ಹಾಕುತ್ತೀರೋ ನಿಮಗೆ ಬಿಟ್ಟದ್ದು. ಅವರ ಹೆಸರು ಮಾತ್ರ ನಾನು ಬರೆಯುವುದಿಲ್ಲ. ಅದು ಅವರ ಮೇಲಿನ ಮರ್ಯಾದೆಗಲ್ಲ. ಹೆಸರು ಹಾಕಬಾರದ ಕಡೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೆ.

ಅವರು ಹರಪನಹಳ್ಳಿ ಕಡೆಯವರು. ಕೊಟ್ಟೂರಿನಲ್ಲಿ ಮನೆ ಕಟ್ಟಿಸಿ ಅಲ್ಲಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ. ಎದೆಯ ಜೇಬಿನಲ್ಲಿ ಫೋನು. ಅದರ ಕ್ಯಾಮೆರಾ ಕಣ್ಣು ಜೇಬಿನಿಂದ ಮೇಲೆ ಇಣುಕುತ್ತಿರಬೇಕು, ಹಾಗೆ ಇಟ್ಟುಕೊಳ್ಳುತ್ತಿದ್ದರು. ಯಾವಾಗ ಯಾರಿಗೆ ಎಲ್ಲಿ ಅನ್ಯಾಯವಾಗುತ್ತದೋ ಹೇಳಲು ಬರುವುದಿಲ್ಲವಲ್ಲ. ಕೊಟ್ಟೂರಿನಿಂದ ಕೂಡ್ಲಿಗಿ ಮುಟ್ಟುವುದರೊಳಗೆ ಅವರಿಗೆ ಒಂದಾದರೂ ಅನ್ಯಾಯ ಸಿಕ್ಕೇ ಸಿಗುತ್ತಿತ್ತು. ಸಿಗದ ದಿನ ಮುಖ ಸಪ್ಪಗೆ. ಕುರ್ಚಿ ಎಳೆದುಕೊಂಡು ನನ್ನನ್ನೇ ಕೇಳುತ್ತಿದ್ದರು: "ಏನ್ರೀ, ನಿಮ್ಮ ಕಡೆ ಏನೂ ಆಗ್ಲಿಲ್ವಾ?"

ಒಂದು ಬೆಳಿಗ್ಗೆ ಬಂದವರೇ ಫೋನು ನನ್ನ ಮುಂದೆ ಹಿಡಿದರು. ಬಸ್ಸಿನಲ್ಲಿ ಮುದುಕಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಾಳೆ. ಸೆರಗು ಜಾರಿದೆ, ಕಂಕುಳಲ್ಲಿ ಗಂಟು. ಮೇಲೆ ಅವರು ಬರೆದಿದ್ದರು: "ನಿಂತೇ ಇದ್ದಾಳೆ ಭಾರತಮಾತೆ. ನಾವು ಕುಳಿತಿದ್ದೇವೆ. ನಮಗೆ ನಾಚಿಕೆಯಾಗುವುದು ಯಾವಾಗ?" ಜನ ಅತ್ತು ಕರೆದು ಕೆಳಗೆ ಕೈ ಮುಗಿದಿದ್ದರು. ನಾನು ಫೋಟೋವನ್ನೇ ನೋಡಿದೆ. ಮುದುಕಿಯ ಗದ್ದ ಕೆಳಗಿನಿಂದ ಕಾಣುತ್ತಿತ್ತು. ತೆಗೆದವರು ಕುಳಿತೇ ತೆಗೆದಿದ್ದರು.

"ಆಮೇಲೆ ಅಜ್ಜಿಗೆ ಜಾಗ ಸಿಕ್ತೇನ್ರಿ ಸರ್?"

"ಗೊತ್ತಿಲ್ಲಪ್ಪ, ನಾನು ಬರೆಯೋದ್ರಾಗಿದ್ದೆ. ಬರೆದೆ ನೋಡ್ರಿ, ಈಗ ಮನಸ್ಸು ಹಗುರಾತು."

ಈ ಮಾತನ್ನು ನೆನಪಿಡಿ. ಅದು ಅವರ ದಿನದ ಮಾತು. ಊಟ ಮುಗಿದ ಮೇಲೆ ನಾವು ಅಡಿಕೆ ಹಾಕಿಕೊಂಡರೆ ಅವರು ಇದನ್ನು ಹೇಳುತ್ತಿದ್ದರು.

ಇದಕ್ಕೂ ಮೊದಲು ಇಬ್ಬರೂ ಹಡಗಲಿಯಲ್ಲಿ ಒಂದೇ ಕಚೇರಿಯಲ್ಲಿ ಇದ್ದೆವು. ಅಲ್ಲಿ ಮಾಗಳದಿಂದ ಒಬ್ಬ ಹೆಂಗಸು ವಿಧವಾ ವೇತನಕ್ಕೆಂದು ಓಡಾಡುತ್ತಿದ್ದಳು. ಬರುವಾಗಲೆಲ್ಲ ಮಡಿಲಲ್ಲಿ ಒಂದು ಹಿಡಿ ಮಲ್ಲಿಗೆ ಮೊಗ್ಗು ತಂದು, ಕುಳಿತಲ್ಲೇ ಕಟ್ಟುತ್ತ ಕಾಯುತ್ತಿದ್ದಳು. ಇವರು ಬೆನ್ನ ಹಿಂದಿನಿಂದ ಅವಳ ಫೋಟೋ ತೆಗೆದು, ಬೆಂಚಿನ ಮೇಲೆ ಬಾಡುತ್ತಿರುವ ಹೂವಿನ ಬಗ್ಗೆ, ಸತ್ತು ನಾರುತ್ತಿರುವ ವ್ಯವಸ್ಥೆಯ ಬಗ್ಗೆ ಒಂದು ಪುಟ ಬರೆದರು. ನಾನೂ ಅದನ್ನು ಎರಡು ಸಲ ಓದಿದೆ. ಭಾಷೆ ಅವರಿಗೆ ಒಲಿದಿತ್ತು, ಅದನ್ನು ಇಲ್ಲವೆನ್ನಲಾರೆ. ಆದರೆ ಅವಳ ಕಡತ ಅವರ ಮೊಣಕೈ ಕೆಳಗೇ ಇತ್ತು. ಸಹಿ ಹಾಕಬೇಕಾದ ವ್ಯವಸ್ಥೆ ಅವರೇ. ನಾನು ಮೆಲ್ಲಗೆ ಕಡತ ಎಳೆದು ಅವರ ಮುಂದಿಟ್ಟೆ. "ಇರ್ರಿ ಇರ್ರಿ, ಭಾವನೆ ಕಡಿದು ಹೋಗ್ತದೆ" ಎಂದರು.

ಹರಪನಹಳ್ಳಿ ದಾರಿಯ ಕುರಿಗಳ ಸಂಗತಿಯನ್ನೂ ಹೇಳಿಬಿಡುತ್ತೇನೆ. ಇನ್ನೊಬ್ಬ ಸಹೋದ್ಯೋಗಿಯ ಮನೆ ಪ್ರವೇಶಕ್ಕೆ ಇವರ ಕಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಲಾರಿಯೊಂದು ಕುರಿ ಹಿಂಡಿಗೆ ನುಗ್ಗಿ ಹೋಗಿತ್ತು. ನಾಲ್ಕಾರು ಕುರಿ ಸತ್ತು ಬಿದ್ದಿದ್ದವು, ಒಂದು ಮರಿ ಹಿಂಗಾಲು ಮುರಿದುಕೊಂಡು ಒದರುತ್ತಿತ್ತು. ಇವರು ಕಾರು ನಿಲ್ಲಿಸಿದರು. ನಿಲ್ಲಿಸಿದ್ದು ಅವರೊಬ್ಬರೇ, ಬೇರೆ ಗಾಡಿಗಳು ಬಳಸಿಕೊಂಡು ಹೋದವು. ಆ ಮಟ್ಟಿಗೆ ದೊಡ್ಡವರು. ಇಳಿದು, ಆ ಕಡೆ ಒಂದು ಈ ಕಡೆ ಒಂದು ಫೋಟೋ ತೆಗೆದರು. ಕುರಿಗಾರ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು, "ಸಾಹೇಬ್ರ, ಇದೊಂದನ್ನ ದನದ ದವಾಖಾನಿ ತಂಕ ಒಯ್ರಿ, ಇನ್ನೂ ಜೀವ ಐತಿ" ಎಂದ. ಇವರು ಕಾರಿನ ಹಿಂದಿನ ಸೀಟು ನೋಡಿದರು, ಮರಿಯ ಕಾಲು ನೋಡಿದರು. "ಮನೆ ಪ್ರವೇಶಕ್ಕೆ ಹೊರಟೀವಿ ಕಣಪ್ಪ, ರಕ್ತ ಆಗ್ತದೆ" ಎಂದರು. ಕುರಿಗಾರ ಬೈಯಲಿಲ್ಲ. "ಮತ್ತ ಫೋಟೋ ಯಾಕ ತಗದ್ರಿ? ತಗದ್ರ ಎದ್ದು ನಿಂದ್ರತಾವೇನು?" ಎಂದಷ್ಟೇ ಕೇಳಿ ಇನ್ನೊಂದು ಗಾಡಿಗೆ ಕೈ ಮಾಡಿದ. ಮನೆ ಪ್ರವೇಶದ ಊಟದ ಪಂಕ್ತಿಯಲ್ಲಿ ಕುಳಿತು ಇವರು "ಮೂಕ ಜೀವಗಳ ರಕ್ತ" ಎಂದು ಬರೆದು ಮುಗಿಸಿದರು. ಹೋಳಿಗೆಗೆ ಇನ್ನೊಂದು ಸಲ ತುಪ್ಪ ಹಾಕಿಸಿಕೊಂಡರು.

ಇವೆಲ್ಲ ಮೊಸಳೆ ಕಣ್ಣೀರು ಎಂದು ನೀವು ಅಂದುಕೊಂಡರೆ ತಪ್ಪು. ಕಣ್ಣೀರು ನಿಜದ್ದೇ. ಬರೆಯುವಾಗ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕಪಟಿಯಾಗಿದ್ದರೆ ನನಗೆ ಇಷ್ಟು ಹೇಸಿಗೆ ಹುಟ್ಟುತ್ತಿರಲಿಲ್ಲ. ಕಳ್ಳನನ್ನು ಕಳ್ಳ ಎಂದು ಬಿಟ್ಟುಬಿಡಬಹುದು. ಇವರಿಗೆ ಕರುಣೆ ಇತ್ತು. ಅದು ಬೆರಳ ತುದಿಯಿಂದ ಫೋನಿನೊಳಗೆ ಇಳಿದು ಅಲ್ಲೇ ಮುಗಿದುಹೋಗುತ್ತಿತ್ತು. ಕೈಗೆ ಒಂದು ತೊಟ್ಟೂ ಉಳಿಯುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ವಿಚಾರ.

ನಮ್ಮೂರು ಕೂಡ್ಲಿಗಿಗೂ ಕಾನಹೊಸಹಳ್ಳಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಕೇರಿಯಲ್ಲಿ ನಮ್ಮ ಮನೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಕೊಟ್ಟೂರಿನ ಮೇಲೆ ಹಾಯುವ ಹಳಿಯ ಮೇಲೆ ಅರ್ಧ ಆಯುಷ್ಯ ನಡೆದು ನಿವೃತ್ತನಾದವನು. ನಮ್ಮ ಗೋಡೆಯ ಮೇಲೆ ಬುದ್ಧನ ಪಟ ಬಂದು ಕೂತಿದ್ದೂ ಅವನ ಕಾಲದಲ್ಲೇ. ಅಪ್ಪನಿಗೆ ಎರಡು ಶೋಕಿ. ಒಂದು, ಬಿಳಿ ಧೋತರ. ಇನ್ನೊಂದು, ನುಣ್ಣಗೆ ಬೋಳಿಸಿದ ಗದ್ದ.

ಈ ಗದ್ದದ್ದೇ ಊರಲ್ಲಿ ಕಷ್ಟ. ನಮ್ಮೂರಲ್ಲಿ ಕ್ಷೌರ ಮಾಡುವವನು ನಿಂಗಪ್ಪ. ಅವನ ಮನೆತನ ತಲೆತಲಾಂತರದಿಂದ ಆಯದ ಮೇಲೆ ಬದುಕಿದ್ದು. ವರ್ಷವಿಡೀ ಊರಿನ ಮನೆಮನೆಯ ತಲೆ, ಗಡ್ಡ, ಜವಳ, ಮದುವೆ, ಸಾವು ಎಲ್ಲ ಅವನದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಬ್ಬೊಬ್ಬ ರೈತನೂ ಜೋಳವೋ ಮೆಕ್ಕೆಜೋಳವೋ ಮೊರದಲ್ಲಿ ತುಂಬಿ ಅವನ ಚೀಲಕ್ಕೆ ಸುರಿಯಬೇಕು. ಅದೇ ಆಯ. ಕೊಡುವವರು ಕೇರಿಯವರ ತಲೆ ಮುಟ್ಟಿದ ಕತ್ತರಿಯನ್ನು ತಮ್ಮ ತಲೆಗೆ ಮುಟ್ಟಿಸಿಕೊಳ್ಳುವುದಿಲ್ಲ. ಯಾರೂ ಬೋರ್ಡು ಬರೆದು ಹಾಕಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಂಗಪ್ಪ ಬಸವಣ್ಣನ ಗುಡಿ ಕಟ್ಟೆಯ ಮೇಲೆ ಕುಳಿತಿರುವಾಗ ನಾವು ಆ ಕಡೆ ಹೋದರೆ ಅವನು ತಲೆ ಎತ್ತುತ್ತಿರಲಿಲ್ಲ, ಅಷ್ಟೆ. ನಾನು ಸಣ್ಣವನಿದ್ದಾಗ ಅಪ್ಪನೇ ಬಟ್ಟೆ ಕತ್ತರಿಯಿಂದ ನನ್ನ ಕೂದಲು ಕತ್ತರಿಸುತ್ತಿದ್ದ. ನನ್ನ ತಲೆ ಕುರಿ ಮೇಯ್ದ ಹೊಲದ ಹಾಗೆ ಕಾಣುತ್ತಿತ್ತು. ಶಾಲೆಯಲ್ಲಿ ನೋಡಿದವರಿಗೆಲ್ಲ ನಮ್ಮ ಕೇರಿ ಯಾವುದೆಂದು ಹಿಂದಿನಿಂದಲೇ ತಿಳಿಯುತ್ತಿತ್ತು.

ಊರಿನ ಹುಡುಗರು ಬೈಕು ಹತ್ತಿ ಪೇಟೆಯ ಸಲೂನಿಗೆ ಹೋಗಲು ಶುರುಮಾಡಿದ ಮೇಲೆ ನಿಂಗಪ್ಪನೂ ಕಾನಹೊಸಹಳ್ಳಿಯಲ್ಲಿ ಒಂದು ಸಣ್ಣ ಖೋಲಿ ಬಾಡಿಗೆ ಹಿಡಿದು, ಸಂತೆಯ ದಿನ ಅಲ್ಲಿ ಕುರ್ಚಿ ಹಾಕತೊಡಗಿದ. ಹೆದ್ದಾರಿಯ ಊರು. ಲಾರಿಯವರು, ಸಂತೆಯವರು, ಯಾರು ಯಾರೋ ಬರುತ್ತಾರೆ, ಜಾತಿ ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಒಂದು ಸಂತೆಯ ದಿನ ಅಪ್ಪ ಹೋಗಿ ಆ ಬಾಗಿಲಲ್ಲಿ ನಿಂತ. ನಿಂಗಪ್ಪ ಅತ್ತ ಇತ್ತ ನೋಡಿದ. ಆಮೇಲೆ ಕುರ್ಚಿಯ ಮೇಲಿನ ಕೂದಲು ಕೊಡವಿ, "ಬಾ ಮಾವ, ಕುಂದ್ರು" ಎಂದ.

ಅಂದಿನಿಂದ ಅದೊಂದು ಏರ್ಪಾಡಾಯಿತು. ಊರಲ್ಲಿ ಗುರುತೇ ಇಲ್ಲದವನು ಕಾನಹೊಸಹಳ್ಳಿಯಲ್ಲಿ ಮಾವ. ಕೇರಿಯ ಹಿರಿಯರೆಲ್ಲ ಸಂತೆಯ ದಿನ ಅಲ್ಲಿಗೆ ಹೋಗಿ ನುಣ್ಣಗಾಗಿ ಬರುತ್ತಿದ್ದರು. ಊರಿಗೆ ಗೊತ್ತಿರಲಿಲ್ಲವೇ? ಕುರುಡನಿಗೂ ಗೊತ್ತಿತ್ತು. ಸಂತೆಯ ಮರುದಿನ ಕೇರಿಯ ಗದ್ದಗಳೆಲ್ಲ ಹೊಳೆಯುತ್ತಿದ್ದವು. ಆದರೂ ಎಲ್ಲರೂ ಗೊತ್ತಿಲ್ಲದವರ ಹಾಗೆ ಇದ್ದರು.

ನನಗೆ ಆ ಏರ್ಪಾಡು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಿಂಗಪ್ಪನೇನು ಮಹಾತ್ಮನಲ್ಲ. ಪುಕ್ಕಲ, ಬಾಯಿಬಡುಕ, ನಾಲ್ಕು ಜನರೆದುರು ನಮ್ಮ ಕಡೆ ಕಣ್ಣೆತ್ತಿ ನೋಡುವ ಧೈರ್ಯವಿಲ್ಲದವನು. ನಾನು ಅಪ್ಪನಿಗೆ, "ಊರಾಗ ಮುಖ ನೋಡದಾವನ ಕೈಯಾಗ ಮುಖ ಕೊಡತೀಯಲ್ಲ, ನಾಚಿಕಿ ಇಲ್ಲೇನಪ್ಪ?" ಎಂದು ಕೇಳಿದ್ದೆ.

"ನಿನ್ನ ಸ್ವಾಭಿಮಾನ ಗಡ್ಡ ತೆಗಿತೈತೇನಲೇ?" ಎಂದ ಅಪ್ಪ. "ಅವನ ಕೈ ಹಗುರ ಐತಿ. ಅವನ ಪುಕ್ಕಲತನ ಅವನ ಹೊಟ್ಟಿಪಾಡು. ನನಗ ಕುರ್ಚಿ ಮ್ಯಾಲ ಕುಂದ್ರಸ್ತಾನ, ಮಾವ ಅಂತಾನ. ಅಷ್ಟು ಸಾಕು."

ಇಷ್ಟರಲ್ಲಿ ನಮ್ಮ ಮಹಾನುಭಾವರು ಒಂದು ದಿನ, "ನಿಮ್ಮ ಮನೆಗೆ ಊಟಕ್ಕೆ ಬರ್ತೀನ್ರಿ, ಕರೀರಿ" ಎಂದರು. ಬಂದರು. ನೆಲದ ಮೇಲೆ ಕುಳಿತು ಜೋಳದ ರೊಟ್ಟಿ, ಹುರುಳಿ ಸಾರು, ಶೇಂಗಾ ಚಟ್ನಿ ಉಂಡರು. ನಮ್ಮ ನೀರನ್ನೇ ಕುಡಿದರು. ರೊಟ್ಟಿ ಇನ್ನೊಂದು ಕೇಳಿ ಹಾಕಿಸಿಕೊಂಡರು. ಇದರಲ್ಲಿ ನಾಟಕ ಇರಲಿಲ್ಲ, ಸುಳ್ಳು ಹೇಳಬಾರದು. ಆದರೆ ಅಂದೇ ಸಂಜೆ ಫೋನಿನಲ್ಲಿ ನೋಡಿದರೆ ನಾನು ಇರಲಿಲ್ಲ. "ನನ್ನೊಬ್ಬ ದಲಿತ ಗೆಳೆಯನ ಗುಡಿಸಲಿನಲ್ಲಿ ಇಂದು ಅಮೃತ ಉಂಡೆ" ಎಂದು ಬರೆದಿದ್ದರು. ಅಷ್ಟು ವರ್ಷ ಮಗ್ಗುಲಲ್ಲಿ ಕುಳಿತವನಿಗೆ ಒಂದು ಹೆಸರಿರಲಿಲ್ಲ. ಅಪ್ಪ ರೈಲ್ವೆಯ ದುಡಿಮೆಯಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ ಗುಡಿಸಲಾಗಿತ್ತು. ಅಪ್ಪನಿಗೆ ನೋವಾದದ್ದು ಅದೇ. "ಮ್ಯಾಲಕ ನೋಡಲೇ ಇಲ್ಲೇನು ಅವರು?" ಎಂದು ತಾರಸಿ ನೋಡಿದ.

ಆದರೆ ಅನಾಹುತವಾದದ್ದು ಊಟದ ಹೊತ್ತಿನ ಮಾತಿನಲ್ಲಿ. ಅಪ್ಪ ಮಾತಿನ ಮಲ್ಲ. ಅತಿಥಿ ಬೇರೆ ಕಣ್ಣರಳಿಸಿ ಕೇಳುವವರು. ಸಂತೆಯ ಕುರ್ಚಿಯ ಕಥೆಯನ್ನೆಲ್ಲ ರಸವತ್ತಾಗಿ ಹೇಳಿಬಿಟ್ಟ. ಊರಲ್ಲಿ ನಿಂಗಪ್ಪ ತಲೆ ತಗ್ಗಿಸುವುದನ್ನು ನಟಿಸಿ ತೋರಿಸಿ ತಾನೇ ನಕ್ಕ. ಇವರು ನಗಲಿಲ್ಲ. ರೊಟ್ಟಿ ಹಿಡಿದ ಕೈ ಹಾಗೇ ನಿಂತಿತ್ತು, ಮೂಗಿನ ತುದಿ ಕೆಂಪಾಗಿತ್ತು. "ಎಲ್ಲಿ ಆ ಅಂಗಡಿ?" ಎಂದು ಕೇಳಿದರು.

ಮುಂದಿನ ಸಂತೆಗೆ ರಜೆ ಹಾಕಿ ಹೋದರು. ತಾವೂ ನಿಂಗಪ್ಪನ ಕೈಯಲ್ಲಿ ಗಡ್ಡ ಮಾಡಿಸಿಕೊಂಡರು. ಆಮೇಲೆ ಒಂದು ಫೋಟೋ. ಅಪ್ಪ ಕುರ್ಚಿಯಲ್ಲಿ, ಕೊರಳಿಗೆ ಬಿಳಿ ಬಟ್ಟೆ, ಕೆನ್ನೆಗೆಲ್ಲ ನೊರೆ. ನಿಂಗಪ್ಪ ಪಕ್ಕದಲ್ಲಿ ಕತ್ತಿ ಹಿಡಿದು ಹಲ್ಲು ಕಿಸಿದು ನಿಂತಿದ್ದಾನೆ. ಇಬ್ಬರೂ ಸಂತೋಷದಿಂದಲೇ ಫೋಟೋಕ್ಕೆ ನಿಂತರು. ಸಾಹೇಬರು ನೆನಪಿಗೆ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದರಂತೆ.

"ಇಂದು ಕಾನಹೊಸಹಳ್ಳಿಯಲ್ಲಿ ಬುದ್ಧನನ್ನು ಕಂಡೆ. ಅವನ ಕೈಯಲ್ಲಿ ಭಿಕ್ಷಾಪಾತ್ರೆ ಇರಲಿಲ್ಲ, ಕತ್ತರಿ ಇತ್ತು" ಎಂದು ಶುರುವಾಗಿತ್ತು ಆ ಬರಹ. ಬುದ್ಧನನ್ನೂ ಬಿಡಲಿಲ್ಲ. ಊರು ಮುಚ್ಚಿದ ಬಾಗಿಲನ್ನು ಈ ಕತ್ತರಿ ತೆರೆಯಿತು ಎಂದು ಹೊಗಳಿದ್ದರು. ಈ ಸಲ ಹೆಸರು ಹಾಕಿದ್ದರು. ನಿಂಗಪ್ಪನ ಹೆಸರು, ಅಪ್ಪನ ಹೆಸರು, ನಮ್ಮೂರಿನ ಹೆಸರು. ಹೊಗಳಿಕೆಯಲ್ಲಿ ಎಲ್ಲವೂ ಸ್ಪಷ್ಟವಾಗಿರಬೇಕಲ್ಲ.

ಅದು ಎಲ್ಲೆಲ್ಲಿಗೋ ಹೋಯಿತು. ಬೆಂಗಳೂರು, ಧಾರವಾಡ, ದುಬೈಯವರೆಲ್ಲ ನಿಂಗಪ್ಪನಿಗೆ ಕೈ ಮುಗಿದರು. ಕೊನೆಗೆ ಬಸವಣ್ಣನ ಗುಡಿ ಕಟ್ಟೆಗೂ ಬಂತು. ಊರಿನ ಹುಡುಗರು ಫೋನು ಹಿಡಿದು ಹಿರಿಯರಿಗೆ ಓದಿ ಹೇಳಿದರು. ಅಲ್ಲಿ ಗದ್ದಲವೇನೂ ಆಗಲಿಲ್ಲ. ನಮ್ಮೂರು ಅಷ್ಟು ದಡ್ಡ ಊರಲ್ಲ. ಮರುದಿನದಿಂದ ನಿಂಗಪ್ಪ ಕಟ್ಟೆಯ ಮೇಲೆ ಕುಳಿತ, ಯಾರೂ ಬಂದು ಅವನ ಮುಂದೆ ಕೂರಲಿಲ್ಲ. ಮದುವೆಗೆ ಬೇರೆ ಊರಿನವರನ್ನು ಕರೆಸಿದರು. ಸುಗ್ಗಿ ಬಂತು. ಅವನು ಚೀಲ ಹಿಡಿದು ಕಣದಿಂದ ಕಣಕ್ಕೆ ಹೋದ. ಒಬ್ಬರೂ ಬೈಯಲಿಲ್ಲ, ಒಬ್ಬರೂ ಮೊರ ಎತ್ತಲಿಲ್ಲ. "ನಿನಗ ದೊಡ್ಡ ದೊಡ್ಡೋರು ಅದಾರಲ್ಲೋ ನಿಂಗಪ್ಪ, ದುಬೈಯಾಗ" ಎಂದು ಒಬ್ಬ ನಕ್ಕನಂತೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅವನನ್ನು ಊರಿನಿಂದ ತೆಗೆದರು. ಕಾನಹೊಸಹಳ್ಳಿಯ ಖೋಲಿಯೂ ನಮ್ಮೂರಿನವರದೇ. ಅದನ್ನೂ ಬಿಡಿಸಿಕೊಂಡರು.

ನಾನು ಊರಿನ ಗೌಡನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. "ಅವನೇನು ಹೊಸದಾಗಿ ಮಾಡಿದ್ನೇನ್ರಿ? ನಿಮಗ ಮದ್ಲ ಗೊತ್ತಿರಲಿಲ್ಲೇನು?"

ಗೌಡ ಮೀಸೆ ತಿರುವಲಿಲ್ಲ, ಸಿಟ್ಟೂ ಮಾಡಲಿಲ್ಲ. "ಎಲ್ಲಾರಿಗೂ ಗೊತ್ತಿತ್ತಪ್ಪ. ಗೊತ್ತಿಲ್ಲ ಅಂತ ಇದ್ವಿ, ನಡದಿತ್ತು. ಈಗ ಬರದು ಇಟ್ಟಾರ. ಇನ್ನ ಗೊತ್ತಿಲ್ಲ ಅನ್ನಾಕ ಬರಂಗಿಲ್ಲ ನೋಡು" ಎಂದು ಬಸ್ಸು ಹತ್ತಿದ. ಎಂಥ ನೀಚತನವನ್ನೂ ಇಷ್ಟು ಸಲೀಸಾಗಿ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಇರುವುದು ಉಗುಳು ಮಾತ್ರ.

ಈ ಗೌಡ ಯಾರೆಂದರೆ ನಮ್ಮ ಮಹಾನುಭಾವರ ಹೆಂಡತಿಯ ಸ್ವಂತ ಅಣ್ಣ. ವರ್ಷಕ್ಕೆರಡು ಸಲ ಹಬ್ಬಕ್ಕೆ ಇವರು ಅದೇ ಮನೆಯಲ್ಲಿ ಉಣ್ಣುವವರು. ಅದಕ್ಕೇ ನಾನು ಮರುದಿನ ಕಚೇರಿಯಲ್ಲಿ ಅವರ ಕುರ್ಚಿಯ ಪಕ್ಕ ನಿಂತೆ.

"ಸರ್, ನಿಮ್ಮ ಭಾವಗ ಒಂದು ಮಾತು ಹೇಳ್ರಿ. ನೀವೂ ಕಟ್ಟಿ ಮ್ಯಾಲ ಬಂದು ನಾಲ್ಕು ಮಂದಿ ಮುಂದ ಕುಂತು ನಿಂಗಪ್ಪನ ಕೈಯಾಗ ಒಂದು ಸಲ ಗಡ್ಡ ಮಾಡಿಸ್ಕೋರಿ. ಸಾಕು. ಗೌಡರ ಬೀಗರು ಮಾಡಿಸ್ಕೊಂಡ್ರಂದ್ರ ಉಳಿದೋರು ತಾವ ಬರ್ತಾರ."

"ನೀವೇ ಮಾತಾಡ್ರಲ್ಲ."

"ನನ್ನ ಮಾತಿಗೆ ಆ ಕಟ್ಟಿ ಮ್ಯಾಲ ಬೆಲಿ ಇದ್ದಿದ್ರ ನಮ್ಮಪ್ಪ ಗಡ್ಡಕ್ಕ ಕಾನಹೊಸಹಳ್ಳಿಗೆ ಯಾಕ ಹೋಗ್ತಿದ್ದ ಸರ್?"

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು. "ನೋಡ್ರಿ, ಸಂಬಂಧದಲ್ಲಿ ಇಂಥದ್ದು ಎತ್ತಿದ್ರೆ ಮನೆಯಲ್ಲಿ ನಮ್ಮಾಕೆ ಸುಮ್ಮನಿರಲ್ಲ. ನಾನು ಬರೆಯೋನು. ಅಕ್ಷರ ನನ್ನ ಆಯುಧ. ಕಟ್ಟೆ ಪಂಚಾಯ್ತಿ ನನ್ನ ಕೆಲಸ ಅಲ್ಲ" ಎಂದರು. ಕಣ್ಣಲ್ಲಿ ನೀರಿತ್ತು. ನನಗೆ ಅವತ್ತು ಅವರ ಕನ್ನಡಕ ಕಿತ್ತು ನೆಲಕ್ಕೆ ಹಾಕಿ ತುಳಿಯಬೇಕೆನಿಸಿತು. ಆಯುಧ ಎತ್ತಿದವನಿಗೆ ಯಾರಿಗೆ ತಾಗಿತು ಎಂದು ನೋಡುವಷ್ಟಾದರೂ ಎದೆ ಇರಬೇಡವೇ?

ಆ ಸಂಜೆಯೇ ಎರಡನೆಯ ಬರಹ ಬಂತು. "ಬುದ್ಧನಿಗೆ ಬಹಿಷ್ಕಾರ". ಈ ಸಲ ಊರಿನ ಹೆಸರಿರಲಿಲ್ಲ, ಗೌಡನ ಸುದ್ದಿಯಂತೂ ಇಲ್ಲವೇ ಇಲ್ಲ. ಹೆಸರು ಯಾವಾಗ ಹಾಕಬಾರದು ಎಂಬ ವಿವೇಕ ಅವರಿಗೆ ಇದ್ದೇ ಇತ್ತು. ಮೊದಲನೆಯದಕ್ಕಿಂತ ಇದು ಹೆಚ್ಚು ಓಡಿತು. ಹಡಗಲಿಯಲ್ಲಿ ಯಾವುದೋ ಬಳಗದವರು ಕರೆದು ಶಾಲು ಹೊದಿಸಿ, ದಪ್ಪ ಮಲ್ಲಿಗೆ ಹಾರ ಹಾಕಿದರು. ನಾನೂ ಹೋಗಿದ್ದೆ, ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಅವರು ನಿಂಗಪ್ಪನ ಕಥೆ ಹೇಳಿ ಮಧ್ಯದಲ್ಲಿ ಮಾತು ನಿಲ್ಲಿಸಿ ನೀರು ಕುಡಿದರು. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ನಿಂಗಪ್ಪ ಹೆಂಡತಿಯನ್ನು ಕರೆದುಕೊಂಡು ದಾವಣಗೆರೆಗೆ ಹೋಗಿದ್ದ. ಯಾರದೋ ಎಸಿ ಪಾರ್ಲರಿನಲ್ಲಿ ನೆಲದ ಕೂದಲು ಗುಡಿಸುವುದು, ಕರೆದಾಗ ಗಡ್ಡ ಮಾಡುವುದು. ಕಾರ್ಯಕ್ರಮ ಮುಗಿದ ಮೇಲೆ ಇವರನ್ನು ಕೇಳಿದೆ: "ನಿಂಗಪ್ಪ ಈಗ ಎಲ್ಲಿ ಅದಾನ ಗೊತ್ತೇನ್ರಿ ಸರ್?"

"ಎಲ್ಲಿದ್ದಾನೆ?" ಎಂದು ಆಸೆಯಿಂದ ಕೇಳಿದರು. ಕೈ ಆಗಲೇ ಎದೆಯ ಜೇಬಿಗೆ ಹೋಗಿತ್ತು. ನಾನು ಹೇಳಲಿಲ್ಲ.

ಜನ ಯಾಕೆ ಹೀಗೆ ಬರೆಯುತ್ತಾರೆ ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಅನ್ಯಾಯ ಕಂಡವನ ಎದೆಯ ಮೇಲೆ ಒಂದು ಭಾರ ಬೀಳುತ್ತದೆ. ಆ ಭಾರ ಇದ್ದರೆ ತಾನೇ ಮನುಷ್ಯ ಎದ್ದು ಹೋಗಿ ಏನಾದರೂ ಮಾಡುವುದು? ಹಿಂದಿನವರಿಗೆ ಅದನ್ನು ಇಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ, ಹೊತ್ತುಕೊಂಡೇ ತಿರುಗಬೇಕಿತ್ತು, ಇಲ್ಲವೇ ಕೈ ಹಾಕಬೇಕಿತ್ತು, ಇಲ್ಲವೇ ನಾಚಿಕೊಂಡು ಸುಮ್ಮನಿರಬೇಕಿತ್ತು. ಈಗ ಫೋನು ಇದೆ. ಬರೆದ, ಹಾಕಿದ, ಹತ್ತು ಜನ ಭೇಷ್ ಎಂದರು, ಹಗುರಾಯಿತು. ಬರೆಯುವವರೆಲ್ಲ ಇಂಥವರೇ ಎಂದು ನಾನು ಹೇಳುವುದಿಲ್ಲ. ಬರೆದು ಒದೆ ತಿಂದವರನ್ನು, ಬರೆದು ನೌಕರಿ ಕಳೆದುಕೊಂಡವರನ್ನು ನೋಡಿದ್ದೇನೆ. ಅವರು ಯಾರೂ ಮನಸ್ಸು ಹಗುರಾಯಿತು ಎಂದದ್ದನ್ನು ಕೇಳಿಲ್ಲ. ಬರೆದ ಮೇಲೆ ಅವರ ಭಾರ ಹೆಚ್ಚಾಗುತ್ತಿತ್ತು. ನಮ್ಮ ಮಹಾನುಭಾವರಿಗೆ ಅಂಥ ತೊಂದರೆ ಇರಲಿಲ್ಲ. ಅವರ ಒಂದು ಕೂದಲೂ ಕೊಂಕಿದ್ದು ನಾನು ಕಾಣೆ.

ನಿಂಗಪ್ಪ ಹೋದ ಮೇಲೆ ಅಪ್ಪನ ಗಡ್ಡ ನನ್ನ ಪಾಲಿಗೆ ಬಂತು. ಅಪ್ಪನ ಮೊಣಕಾಲು ಕೈಕೊಟ್ಟಿದೆ, ಬಸ್ಸು ಹತ್ತಿಸಿ ಕೂಡ್ಲಿಗಿಗೆ ಒಯ್ಯುವುದು ಆಗದ ಮಾತು. ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ ನಾನೇ ಮಾಡುತ್ತೇನೆ. ಪ್ಲಾಸ್ಟಿಕ್ ಜಗ್ಗಿನಲ್ಲಿ ಬಿಸಿನೀರು. ನನ್ನ ಕೈ ಒರಟು. "ನಿಂಗಪ್ಪನ ಕೈ ಅಲ್ಲಪ್ಪ ಇದು, ಹಳಿ ಉಜ್ಜಿದಂಗ ಉಜ್ಜತೀಯಲ್ಲೋ" ಎಂದು ಅಪ್ಪ ಪ್ರತಿ ಸಲ ಬೈಯುತ್ತಾನೆ. ನಾನು ಬಟ್ಟೆ ಕತ್ತರಿಯ ದಿನಗಳನ್ನು ನೆನಪಿಸುತ್ತೇನೆ, 'ಆಗ ನಿನ್ನ ಕೈ ಏನು ಬೆಣ್ಣಿ ಇತ್ತೇನು?' ಎನ್ನುತ್ತೇನೆ.

ಒಂದು ಭಾನುವಾರ ಇವರು ಬಂದರು. ತಮ್ಮ ಬೀಳ್ಕೊಡುಗೆ ಸಮಾರಂಭದ ಆಮಂತ್ರಣ ಕೊಡಲು ಊರೂರು ತಿರುಗುತ್ತಿದ್ದರು. ಗೌಡರ ಮನೆಯಲ್ಲಿ ಉಪ್ಪಿಟ್ಟು ತಿಂದು ನಮ್ಮ ಕೇರಿಗೆ ಇಳಿದಿದ್ದರು. ಅಪ್ಪನ ಅರ್ಧ ಮುಖ ನೊರೆ, ಅರ್ಧ ಮುಖ ಬೋಳು. ನಾನು ಕತ್ತಿ ಹಿಡಿದು ನಿಂತಿದ್ದೆ. ಇವರು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಮೂಗಿನ ತುದಿ ಕೆಂಪಾಯಿತು.

"ಎಂಥ ದೃಶ್ಯ ರೀ ಇದು! ಅಪ್ಪ, ಮಗ... ಹಂಗೇ ಇರ್ರಿ, ಅಲ್ಲಾಡಬೇಡ್ರಿ" ಎಂದು ಜೇಬಿನಿಂದ ಫೋನು ತೆಗೆದರು.

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಕೈ ಎತ್ತಿದ. ನೊರೆ ಮೆತ್ತಿದ ಮುಖ, ಮಾತು ಮಾತ್ರ ತಣ್ಣಗೆ.

"ಬ್ಯಾಡ್ರಿ ಸಾಹೇಬ್ರ. ಇದ್ದೊಬ್ಬ ನಿಂಗಪ್ಪನ್ನ ಕಳಕೊಂಡೀನಿ. ಮಗನ್ನಾರ ನನಗ ಬಿಡ್ರಿ."

ಇವರು ಫೋನನ್ನು ಜೇಬಿಗೆ ಇಳಿಸಿದರು. ಕ್ಯಾಮೆರಾ ಕಣ್ಣು ಮೇಲೆ ಇಣುಕುವಂತೆಯೇ ಇಳಿಸಿದರು. ಆಮಂತ್ರಣವನ್ನು ಕಟ್ಟೆಯ ಮೇಲಿಟ್ಟು, ಅಪ್ಪನಿಗೆ ಕೈ ಮುಗಿದು, ಒಂದೂ ಮಾತಾಡದೆ ಹೋದರು. ಅವರ ಬೆನ್ನು ನೋಡುತ್ತ, ಕೊನೆಗೂ ಒಂದು ಮಾತು ಈ ಮನುಷ್ಯನಿಗೆ ನಾಟಿತು ಎಂದುಕೊಂಡೆ. ಒಂದು ಗಳಿಗೆ ಪಾಪ ಎಂದೂ ಅನಿಸಿತು.

ಸಂಜೆ ಫೋನು ನೋಡಿದೆ.

"ಇಂದು ಹಳ್ಳಿಯ ಹಿರಿಯರೊಬ್ಬರು ನನ್ನ ಕ್ಯಾಮೆರಾಕ್ಕೆ ಬೇಡ ಎಂದರು. ಪ್ರಚಾರ ಬಯಸದ ಆ ನಿರ್ಮಲ ಜೀವದ ಮುಂದೆ ನಾನು ಕುಬ್ಜನಾದೆ. ಈ ಮೌನವನ್ನು ಹೊರಲಾರದೆ ಬರೆದೆ. ಈಗ ಮನಸ್ಸು ಹಗುರಾಯಿತು." ಕೆಳಗೆ ನಮ್ಮ ಮನೆಯ ಬಾಗಿಲಿನ ಫೋಟೋ. ಹೋಗುವಾಗ ತಿರುವಿನಲ್ಲಿ ನಿಂತು ತೆಗೆದಿರಬೇಕು. ಬಾಗಿಲ ಪಕ್ಕ ಅಪ್ಪನ ಊರುಗೋಲು, ನೊರೆ ನೀರಿನ ಜಗ್ಗು ಎಲ್ಲ ಚೆನ್ನಾಗಿ ಬಂದಿದ್ದವು. ಕೈ ಮುಗಿದವರ ಸಾಲು ಉದ್ದಕ್ಕಿತ್ತು.

ಅಪ್ಪನಿಗೆ ಅದನ್ನು ಪೂರ್ತಿ ಓದಿ ಹೇಳಿದೆ. ಅವನು ಗದ್ದ ಸವರಿಕೊಳ್ಳುತ್ತ ಕೇಳಿದ. ನಾನು ಬೆಳಿಗ್ಗೆ ಗಾಯ ಮಾಡಿದ ಕಡೆ ಬೆರಳು ನಿಂತಿತು.

"ಹಗುರಾತಂತೇನು ಅವರಿಗೆ?"

"ಆತಂತಪ್ಪ."

"ಆಗ್ಲಿ ಬಿಡು. ಭಾರ ಹೊರಾಕ ನಿಂಗಪ್ಪ ಅದಾನಲ್ಲ" ಎಂದ.